ಸಭೆಯ ಅಜೆಂಡಾ ಊರಿಗೂ ಕಾಣಲಿ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದ ಕೂಡಲೇ ಡೆಂಕನಮರಡಿಯ ತುಂಬ ನೆರೆದ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆಮೇಲೆ ಕೇಳುವುದು ಒಂದೇ ಸಾಲಿನ ಭವಿಷ್ಯವಾಣಿ. ಮಳೆ ಹೇಗೆ, ಬೆಳೆ ಹೇಗೆ, ರಾಜಕೀಯ ಏನಾದೀತು ಎಂದು ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ಚಹಾದಂಗಡಿಗಳಲ್ಲಿ ಆ ಸಾಲಿನ ಅರ್ಥ ಬಿಡಿಸುತ್ತಾರೆ. ನಮ್ಮ ಓಣಿಯ ಕೊಳವೆಬಾವಿ, ಚರಂಡಿ, ಬೀದಿದೀಪದ ಭವಿಷ್ಯ ಹೇಳುವ ಸಾಲುಗಳೂ ಇವೆ. ಅವು ಪಂಚಾಯಿತಿ ಸಭೆಯ ಅಜೆಂಡಾದಲ್ಲಿರುತ್ತವೆ. ಅವನ್ನು ಓದಿದವರೆಷ್ಟು ಜನ?

ಕಾನೂನಿಗೇನೂ ಕೊರತೆಯಿಲ್ಲ. 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ, ವಿಶೇಷ ಸಭೆಗೆ ಮೂರು ದಿನ ಮೊದಲು ನೋಟಿಸ್ ಕೊಡಬೇಕು. ದಿನ, ವೇಳೆಯ ಜೊತೆಗೆ ಚರ್ಚೆಯ ವಿಷಯಗಳೂ ಅದರಲ್ಲಿರಬೇಕು. ಸದಸ್ಯರ ಕೈಗೆ ಮುಟ್ಟಿಸಿದರಷ್ಟೇ ಸಾಲದು, ಕಚೇರಿಯ ಸೂಚನಾ ಫಲಕಕ್ಕೂ ಅಂಟಿಸಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ತನ್ನ ಸಭೆಗಳಿಗೆ ಸಾರ್ವಜನಿಕರು ಬರಬಹುದೇ, ನಡವಳಿ ಅವರಿಗೆ ಸಿಗುತ್ತದೆಯೇ ಎಂಬುದನ್ನು ಯಾರೂ ಅರ್ಜಿ ಹಾಕದೆಯೇ ಸಂಸ್ಥೆ ತಾನಾಗಿ ಪ್ರಕಟಿಸಬೇಕು.

ಈ ಭಾಗದ ಒಂದು ಕಚೇರಿಯಲ್ಲಿ ನಾನು ಕಂಡ ಫಲಕಕ್ಕೆ ತಂತಿ ಜಾಲರಿ, ಅದಕ್ಕೊಂದು ಬೀಗ. ಒಳಗಿನ ನೋಟಿಸ್ ಬಿಸಿಲಿಗೆ ಸುರುಳಿ ಸುತ್ತಿಕೊಂಡಿತ್ತು, ಸಭೆ ಎಂದೋ ಮುಗಿದಿತ್ತು. ಕತ್ತು ಓರೆ ಮಾಡಿ ಓದಿದೆ. ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು, ಜಮಾ–ಖರ್ಚಿಗೆ ಒಪ್ಪಿಗೆ, ಬಂದ ಅರ್ಜಿಗಳ ಬಗ್ಗೆ. ಯಾರ ಅರ್ಜಿ, ಯಾವುದಕ್ಕೆ ಎಂಬುದೇ ಇಲ್ಲ. ಕೊನೆಗೆ, ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’.

ಈ ‘ಇತರೆ’ಯ ಹೊಟ್ಟೆ ದೊಡ್ಡದು. ಊರವರು ತಕರಾರು ತೆಗೆಯಬಹುದಾದ ವಿಷಯವನ್ನು ಅದರೊಳಗೆ ತುಂಬಿದರೆ, ಗೊತ್ತಾಗುವ ಹೊತ್ತಿಗೆ ಠರಾವು ಆಗಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆ ಇದಕ್ಕೆ ಕಡಿವಾಣ ಹಾಕಿದೆ. ಅಲ್ಲಿ ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮೊದಲೇ ಜನರಿಗೆ ಕಾಣುವ ಜಾಗದಲ್ಲಿರಬೇಕು. ತುರ್ತು ಸಂದರ್ಭದಂಥ ಕೆಲವು ವಿನಾಯಿತಿ ಬಿಟ್ಟರೆ, ಅಜೆಂಡಾದಲ್ಲಿಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವಂತಿಲ್ಲ. ನಮ್ಮ ಏಳು ದಿನ ಅವರ ಮೂರು ದಿನಕ್ಕಿಂತ ಉದಾರವೇ. ‘ಇತರೆ’ಯ ಬಾಗಿಲು ತೆರೆದಿಟ್ಟರೆ ಆ ಉದಾರತೆಗೆ ಬೆಲೆಯಿಲ್ಲ.

ಈ ಭಾಗದ ತಾಲ್ಲೂಕುಗಳಿಗೆ ಏಳು ದಿನ ಬೇಕೇ ಬೇಕು. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಕೂಲಿಗಾಗಿ ಗುಳೆ ಹೋದವರು ಬೆಂಗಳೂರಿನಲ್ಲೋ ಕಾಫಿ ಸೀಮೆಯಲ್ಲೋ ಇರುತ್ತಾರೆ. ಹಡಗಲಿಯ ಮಲ್ಲಿಗೆ ಬೆಳೆಗಾರರಿಗೆ ಬೆಳಗಿನ ಹೊತ್ತು ಗಿಡದ ಬುಡ ಬಿಟ್ಟು ಬರಲಾಗದು. ಊರವರೆಲ್ಲ ಸೇರುವ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಸರಿ. ಹಿಂದಿನ ದಿನ ಸಂಜೆ ಡಂಗುರ ಸಾರಿದರೆ ಅದಕ್ಕೆ ಬರುವವರು ಯಾರು? ಕೂಡ್ಲಿಗಿ ಸೀಮೆಯಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕೆಂಪಾದವರಿದ್ದಾರೆ. ಶುದ್ಧ ನೀರಿನ ಘಟಕದ ರಿಪೇರಿ ಯಾವ ಸಭೆಗೆ ಬರುತ್ತದೆ ಎಂದು ಮೊದಲು ತಿಳಿಯಬೇಕಾದವರು ಅವರೇ.

ಹರಪನಹಳ್ಳಿಯವರನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಜಿಲ್ಲೆ ಬದಲಾಗುತ್ತಲೇ ಬಂತು. ಅದೇ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ನಡೆದುಕೊಂಡೇ ಹೋಗಿ ಕೇಳುವಷ್ಟು ಹತ್ತಿರ ಉಳಿದದ್ದು ಊರ ಪಂಚಾಯಿತಿ. ಅದರ ಬಾಗಿಲೂ ಅರ್ಧ ಮುಚ್ಚಿದರೆ ಜನ ಎಲ್ಲಿಗೆ ಹೋಗಬೇಕು?

ಇದಕ್ಕೆ ಹೊಸ ಕಾಯ್ದೆ ಬೇಡ, ದುಡ್ಡೂ ಬೇಡ. ನೋಟಿಸನ್ನು ಬಸ್ ನಿಲ್ದಾಣ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿಯ ಗೋಡೆಗೂ ಅಂಟಿಸಲಿ. ಯಾವ ವಾರ್ಡಿನ ಯಾವ ಕೆಲಸ, ಎಷ್ಟು ಮೊತ್ತ ಎಂದು ಬಿಡಿಸಿ ಬರೆಯಲಿ. ನೀವೂ ಈ ವಾರ ಒಮ್ಮೆ ನಿಮ್ಮ ಪಂಚಾಯಿತಿಗೋ ಪುರಸಭೆಗೋ ಹೋಗಿ ಫಲಕ ನೋಡಿ. ನೋಟಿಸ್ ಇದ್ದರೆ ಫೋಟೊ ತೆಗೆದು ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಇಲ್ಲದಿದ್ದರೆ ಒಳಗೆ ಹೋಗಿ, ಮುಂದಿನ ಸಭೆ ಯಾವತ್ತು, ವಿಷಯ ಏನು ಎಂದು ಕೇಳಿ.