ಕಾರಿನ ಧ್ವನಿಯಂತ್ರವೂ ಅದರ ಹೊರೆಯ ಲೆಕ್ಕವೂ

ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋಗುವವರಿಗೆ ಅಲ್ಲಾಳಸಂದ್ರ, ಜಕ್ಕೂರು, ಯಲಹಂಕಗಳು ಪರಿಚಿತವಾದ ಸ್ಥಳಗಳೇ ಆಗಿವೆ. 2008ನೆಯ ಇಸವಿಯಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ಈ ದಾರಿಯಲ್ಲಿ ವಾಹನಗಳ ಸಂಚಾರವು ಬಹಳವಾಗಿ ಹೆಚ್ಚಿತು. ಈ ಕಡೆಯ ಗೃಹಸ್ಥರು ದಿನದಲ್ಲಿ ಬಹು ಹೊತ್ತನ್ನು ಕಾರಿನೊಳಗೇ ಕಳೆಯಬೇಕಾಗಿ ಬಂದಿರುವುದರಿಂದ, ಸಂಗೀತವು ಅಲ್ಲಿ ಕೇವಲ ವಿಲಾಸವಾಗಿರದೆ ಬೇಸರವನ್ನು ಕಳೆಯುವ ಸಂಗಾತಿಯೂ ಆಗಿದೆ. ಮೃದಂಗದ ಎಡಭಾಗದ ಗಂಭೀರವಾದ ನಾದವೂ ತಂಬೂರಿಯ ಮಂದ್ರವೂ ಕಾರಿನ ಚಿಕ್ಕ ಸ್ಪೀಕರುಗಳಲ್ಲಿ ಸರಿಯಾಗಿ ಕೇಳಿಬರುವುದಿಲ್ಲವೆಂದು, ಮನೆಯ ತರುಣರು ಡಿಕ್ಕಿಯಲ್ಲಿ ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರನ್ನೂ ಅದನ್ನು ನಡೆಯಿಸುವ ಆಂಪ್ಲಿಫಯರನ್ನೂ ಇರಿಸಬೇಕೆಂದು ಕೇಳುವುದು ಈಗ ಸಾಮಾನ್ಯವಾಗಿದೆ. ಹಣವನ್ನು ಕೊಡತಕ್ಕವರು ಹಿರಿಯರಾದುದರಿಂದ, ಈ ಎರಡು ವಸ್ತುಗಳನ್ನು ಒಂದಕ್ಕೊಂದು ಹೇಗೆ ಹೊಂದಿಸಬೇಕೆಂಬುದನ್ನು ಅವರೂ ತಿಳಿದಿರುವುದು ಮೇಲೆಂದು ನಾವು ಭಾವಿಸುತ್ತೇವೆ. ಇದರಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ. ಕೂಡುವುದನ್ನೂ ಭಾಗಿಸುವುದನ್ನೂ ಬಲ್ಲವರಿಗೆಲ್ಲ ಇದು ಸಾಧ್ಯವಾದದ್ದು.

ಅಲ್ಲಾಳಸಂದ್ರ ಎಂಬ ಹೆಸರೇ ನಮಗೆ ಒಂದು ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಬೆಂಗಳೂರಿನ ಸುತ್ತಣ ಊರುಗಳ ಹೆಸರಿನ ಕೊನೆಯಲ್ಲಿ ಬರುವ 'ಸಂದ್ರ' ಎಂಬುದು 'ಸಮುದ್ರ' ಎಂಬುದರ ಮಾರ್ಪಾಡು. ನಮ್ಮ ಪೂರ್ವಿಕರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ಅಲ್ಲಾಳಸಂದ್ರದಲ್ಲಿ ಈಗಲೂ ಕೆರೆಯುಂಟು. ಹಿಂದಿನ ಕಾಲದಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಕೆಲಸವು ನೀರುಗಂಟಿಯದಾಗಿತ್ತು. ಒಂದು ತೂಬಿನಿಂದ ಬರುವ ನೀರಿಗೆ ತಕ್ಕಂತೆ ತೋಡಿದ ಕಾಲುವೆಯೊಂದಿದೆಯೆಂದು ಇಟ್ಟುಕೊಳ್ಳೋಣ. ಅದೇ ಅಳತೆಯ ಇನ್ನೊಂದು ತೂಬನ್ನು ಪಕ್ಕದಲ್ಲಿಯೇ ತೆರೆದು ಅದೇ ಕಾಲುವೆಗೆ ಬಿಟ್ಟರೆ ನೀರು ಇಮ್ಮಡಿಯಾಗಿ ಹರಿಯುವುದು. ಕಾಲುವೆಯ ದಂಡೆ ಅದನ್ನು ತಡೆಯಲಾರದೆ ಒಡೆಯುವುದು. ಹಾಗಲ್ಲದೆ, ಒಂದು ಕೊಳವೆಯ ತುದಿಗೆ ಇನ್ನೊಂದು ಕೊಳವೆಯನ್ನು ಸೇರಿಸಿ ಉದ್ದಮಾಡಿದರೆ ನೀರು ಮೊದಲಿಗಿಂತ ಕಡಮೆಯಾಗಿಯೇ ಬರುವುದು. ಕೆರೆಯ ನೀರಿನ ಮಟ್ಟವು ವೋಲ್ಟ್, ಹರಿಯುವ ನೀರು ಆಂಪಿಯರ್, ಕೊಳವೆಯು ಒಡ್ಡುವ ತಡೆಯು ಓಮ್. ಆಂಪ್ಲಿಫಯರು ಆ ನೀರನ್ನೆಲ್ಲ ಹೊರಬೇಕಾದ ಕಾಲುವೆ.

ಈ ಮೂರಕ್ಕೂ ಇರುವ ಸಂಬಂಧವನ್ನು ಜರ್ಮನಿಯ ಉಪಾಧ್ಯಾಯನಾದ ಜಾರ್ಜ್ ಸೈಮನ್ ಓಮ್ ಎಂಬಾತನು 1827ರಲ್ಲಿ ಪ್ರಕಟಿಸಿದನು. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರು ದೊರೆಯುವುದು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಎಂಬ ಶಕ್ತಿಯ ಅಳತೆ ದೊರೆಯುವುದು. ಆಂಪ್ಲಿಫಯರೊಂದು 20 ವೋಲ್ಟಿನಷ್ಟು ಒತ್ತಡವನ್ನು ಕೊಡುತ್ತಿರುವಾಗ, 8 ಓಮಿನ ಸ್ಪೀಕರಿನಲ್ಲಿ ಎರಡೂವರೆ ಆಂಪಿಯರು ಹರಿದು 50 ವಾಟ್ ಹುಟ್ಟುವುದು. 4 ಓಮಾದರೆ 5 ಆಂಪಿಯರು, 100 ವಾಟ್. 2 ಓಮಾದರೆ 10 ಆಂಪಿಯರು, 200 ವಾಟ್. 1 ಓಮಾದರೆ 20 ಆಂಪಿಯರು, 400 ವಾಟ್. ಇಲ್ಲಿ ವಾಚಕರು ಮುಖ್ಯವಾಗಿ ಗಮನಿಸತಕ್ಕದ್ದು ಏನೆಂದರೆ, ಓಮಿನ ಅಂಕಿ ಚಿಕ್ಕದಾದಷ್ಟೂ ಆಂಪ್ಲಿಫಯರಿನ ಮೇಲಿನ ಹೊರೆ ದೊಡ್ಡದಾಗುತ್ತದೆ. ಚಿಕ್ಕ ಅಂಕಿಯೆಂದರೆ ಹಗುರವೆಂದು ತಿಳಿಯುವುದು ಸಹಜ. ಅನರ್ಥವು ಹುಟ್ಟುವುದೂ ಅಲ್ಲಿಂದಲೇ.

ಇನ್ನು ಸಬ್‌ವೂಫರಿನ ವಿಷಯ. ಅದರ ಒಳಗೆ ಸಣ್ಣ ತಂತಿಯನ್ನು ಸುತ್ತಿದ ಸುರುಳಿಯೊಂದಿರುವುದು. ಇದಕ್ಕೆ ವಾಯ್ಸ್ ಕಾಯಿಲ್ ಎಂದು ಹೆಸರು. ಆಂಪ್ಲಿಫಯರಿನಿಂದ ಬರುವ ವಿದ್ಯುತ್ತು ಈ ಸುರುಳಿಯಲ್ಲಿ ಹರಿದು ಅಯಸ್ಕಾಂತದ ಬಲದಿಂದ ಅದನ್ನು ಹಿಂದುಮುಂದಕ್ಕೆ ಚಲಿಸುವಂತೆ ಮಾಡುತ್ತದೆ. ಅದಕ್ಕೆ ಅಂಟಿರುವ ಶಂಕುವು ಗಾಳಿಯನ್ನು ತಳ್ಳಿ ನಾದವನ್ನು ಹುಟ್ಟಿಸುತ್ತದೆ. ಕೆಲವು ಸಬ್‌ವೂಫರುಗಳಲ್ಲಿ ಒಂದೇ ಸುರುಳಿಯಿರುವುದು. ಬೇರೆ ಕೆಲವಲ್ಲಿ ಎರಡಿರುವುವು. ಎರಡು ಸುರುಳಿಗಳನ್ನು ಒಂದರ ತುದಿಗೆ ಇನ್ನೊಂದರ ಮೊದಲನ್ನು ಸೇರಿಸಿ ಕಟ್ಟಿದರೆ ಅದು ಸರಣಿ ಜೋಡಣೆ. ಆಗ ಓಮುಗಳನ್ನು ಕೂಡಬೇಕು. ಧನವನ್ನು ಧನಕ್ಕೂ ಋಣವನ್ನು ಋಣಕ್ಕೂ ಸೇರಿಸಿ ಪಕ್ಕಪಕ್ಕದಲ್ಲಿ ಕಟ್ಟಿದರೆ ಅದು ಸಮಾಂತರ ಜೋಡಣೆ; ಸುರುಳಿಗಳು ಸಮಾನವಾಗಿದ್ದರೆ ಒಂದರ ಓಮನ್ನು ಸುರುಳಿಗಳ ಸಂಖ್ಯೆಯಿಂದ ಭಾಗಿಸಬೇಕು. ಆದುದರಿಂದ 4 ಓಮಿನ ಎರಡು ಸುರುಳಿಗಳು ಸರಣಿಯಲ್ಲಿ 8 ಓಮೂ ಸಮಾಂತರದಲ್ಲಿ 2 ಓಮೂ ಆಗುವುವು. ವಸ್ತುವು ಒಂದೇ ಆದರೂ ತಂತಿಯನ್ನು ಕಟ್ಟುವ ರೀತಿಯೊಂದರಿಂದಲೇ ಹೊರೆಯು ನಾಲ್ಮಡಿ ಬೇರೆಯಾಗುವುದು.

ಅಲ್ಲಾಳಸಂದ್ರದ ಒಂದು ಮನೆಯಲ್ಲಿ ಹೀಗೆ ನಡೆಯಿತೆಂದು ಭಾವಿಸೋಣ. ಮಗನು 4 ಓಮಿನ ಎರಡು ಸುರುಳಿಗಳುಳ್ಳ ಒಂದು ಸಬ್‌ವೂಫರನ್ನು ತಂದು ಸಮಾಂತರವಾಗಿ ಕಟ್ಟಿಸಿದನು. ಹೊರೆ 2 ಓಮಾಯಿತು. ಆಂಪ್ಲಿಫಯರಿನ ಪುಸ್ತಕದಲ್ಲಿಯೂ 2 ಓಮಿಗಿಂತ ಕಡಮೆ ಕೂಡದೆಂದು ಅಚ್ಚಾಗಿದೆ. ಎಲ್ಲವೂ ಒಂದು ವರ್ಷ ಚೆನ್ನಾಗಿ ನಡೆಯಿತು. ಅನಂತರ ಅದೇ ಬಗೆಯ ಇನ್ನೊಂದು ಸಬ್‌ವೂಫರು ಅಗ್ಗವಾಗಿ ದೊರೆಯಿತೆಂದು ಅದನ್ನೂ ತಂದು, ಮೊದಲಿನದರ ಪಕ್ಕದಲ್ಲಿಯೇ ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿದರು. ಈಗ ನಾಲ್ಕು ಸುರುಳಿಗಳೂ ಸಮಾಂತರವಾದುವು. 4ನ್ನು 4ರಿಂದ ಭಾಗಿಸಿದರೆ 1 ಓಮ್. ನಾದವು ಮೊದಲಿಗಿಂತ ಜೋರಾಗಿಯೇ ಬಂತು. ಮನೆಯವರೆಲ್ಲರಿಗೂ ಸಂತೋಷವಾಯಿತು. ಕೇಡು ಹೀಗೆ ಸಂತೋಷದ ರೂಪದಲ್ಲಿ ಬರುವುದರಿಂದಲೇ ಅದನ್ನು ಯಾರೂ ಸಂಶಯಿಸುವುದಿಲ್ಲ.

ಆದರೆ ಆಂಪ್ಲಿಫಯರಿನೊಳಗೆ ನಡೆಯುವುದೇ ಬೇರೆ. ಪ್ರವಾಹವು ಇಮ್ಮಡಿಯಾದರೆ ತಂತಿಯ ತಡೆಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುವುದು. ಒಳಗಿನ ಟ್ರಾನ್ಸಿಸ್ಟರುಗಳು ಇಷ್ಟು ಶಾಖವನ್ನು ತಾಳಲು ರಚಿತವಾದವುಗಳಲ್ಲ. ಬೇಸಿಗೆಯ ಮಧ್ಯಾಹ್ನ ಹೆಬ್ಬಾಳದ ಮೇಲುಸೇತುವೆಯ ಬಳಿ ಸಾಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಗಾಳಿಯಾಡುವುದೂ ಇಲ್ಲ. ಮೊದಲು ಸಂಗೀತವು ನಡುನಡುವೆ ನಿಂತು ಮತ್ತೆ ಬರುವುದು. ಅನೇಕ ಆಂಪ್ಲಿಫಯರುಗಳಲ್ಲಿ ರಕ್ಷಣೆಯ ಕೆಂಪು ದೀಪವು ಹೊತ್ತಿಕೊಳ್ಳುವುದು. ಇದನ್ನು ಕಡೆಗಣಿಸಿದರೆ ಒಂದು ದಿನ ಸುಟ್ಟ ವಾಸನೆ ಬಂದು ಯಂತ್ರವು ಮೌನವಾಗುವುದು. ಕೆಲವು ಸಲ ಅದು ಕೆಡುವಾಗ ಸ್ಪೀಕರಿಗೆ ಎಡೆಬಿಡದ ನೇರ ಪ್ರವಾಹವನ್ನು ಹರಿಯಿಸಿ ಸುರುಳಿಗಳನ್ನೂ ಸುಡುವುದುಂಟು.

ಪರಿಹಾರವು ಸುಲಭವಾಗಿದೆ. ಪ್ರತಿಯೊಂದು ಸಬ್‌ವೂಫರಿನ ಎರಡು ಸುರುಳಿಗಳನ್ನೂ ಸರಣಿಯಲ್ಲಿ ಕಟ್ಟಿ 8 ಓಮ್ ಮಾಡಿ, ಆ ಎರಡು ಸಬ್‌ವೂಫರುಗಳನ್ನು ಸಮಾಂತರವಾಗಿ ಸೇರಿಸಿದರೆ ಒಟ್ಟು 4 ಓಮಾಗುವುದು. 2 ಓಮನ್ನು ತಾಳುವ ಆಂಪ್ಲಿಫಯರಿಗೆ ಇದು ಕ್ಷೇಮವಾದ ಹೊರೆ. ಆದರೆ ಅದರ ಪೂರ್ಣ ಶಕ್ತಿಯು ದೊರೆಯುವುದಿಲ್ಲ. 4 ಓಮಿನ ಜೋಡಿ ಸುರುಳಿಯ ಎರಡು ಸಬ್‌ವೂಫರುಗಳನ್ನು ಒಟ್ಟಿಗೆ ಸಮವಾಗಿ ಕಟ್ಟಿ ಸರಿಯಾಗಿ 2 ಓಮ್ ಮಾಡುವ ಮಾರ್ಗವೇ ಇಲ್ಲ. ಅದು ಬೇಕಾದರೆ 2 ಓಮಿನ ಜೋಡಿ ಸುರುಳಿಯುಳ್ಳ ಎರಡನ್ನು ಕೊಳ್ಳಬೇಕು. ಒಂದೊಂದರ ಸುರುಳಿಗಳನ್ನು ಸರಣಿಯಲ್ಲಿ ಕಟ್ಟಿ 4 ಓಮ್ ಮಾಡಿ, ಅವೆರಡನ್ನೂ ಸಮಾಂತರದಲ್ಲಿ ಸೇರಿಸಿದರೆ 2 ಓಮಾಗುವುದು. ಆದುದರಿಂದ ಜೆ. ಸಿ. ರಸ್ತೆಯಲ್ಲಿ ಕಾರಿನ ಸಾಮಾನುಗಳ ಅಂಗಡಿಗೆ ಹೋಗುವುದಕ್ಕೆ ಮೊದಲೇ ಮನೆಯಲ್ಲಿ ಒಂದು ಕಾಗದದ ಮೇಲೆ ಈ ಲೆಕ್ಕವನ್ನು ಬರೆದುಕೊಳ್ಳತಕ್ಕದ್ದು. ಒಟ್ಟಿಗೆ ಕಟ್ಟುವ ಸಬ್‌ವೂಫರುಗಳು ಒಂದೇ ಬಗೆಯವಾಗಿರಬೇಕು. ಇಲ್ಲದಿದ್ದರೆ ಶಕ್ತಿಯು ಸಮನಾಗಿ ಹಂಚಿಹೋಗದೆ ಒಂದು ಸೊರಗಿ ಇನ್ನೊಂದು ಸುಡುವುದು.

ಎರಡು ಚಾನೆಲುಗಳ ಆಂಪ್ಲಿಫಯರನ್ನು ಒಂದುಗೂಡಿಸಿ ಒಂದೇ ಸಬ್‌ವೂಫರಿಗೆ ಕೊಡುವ ಕ್ರಮವೂ ಉಂಟು. ಅಂಗಡಿಯವರು ಇದನ್ನು ಬ್ರಿಡ್ಜ್ ಮಾಡುವುದೆನ್ನುತ್ತಾರೆ. ಆಗ ಪ್ರತಿ ಚಾನೆಲಿಗೂ ಸ್ಪೀಕರಿನ ಅರ್ಧದಷ್ಟು ಓಮು ಮಾತ್ರ ಕಾಣುವುದು. ಚಾನೆಲೊಂದಕ್ಕೆ 2 ಓಮ್ ಕನಿಷ್ಠವೆಂದಿದ್ದರೆ, ಬ್ರಿಡ್ಜ್ ಮಾಡಿದಾಗ 4 ಓಮಿಗೆ ಕಡಮೆಯಾದ ಹೊರೆಯನ್ನು ಹಾಕಕೂಡದು. ಪುಸ್ತಕದಲ್ಲಿ ಈ ಎರಡು ಅಂಕಿಗಳು ಬೇರೆ ಬೇರೆಯಾಗಿ ಬರೆದಿರುವುವು, ಎರಡನ್ನೂ ಓದತಕ್ಕದ್ದು.

ಕೆಲಸಗಾರನು ಕಟ್ಟಿದ ರೀತಿ ಸರಿಯೋ ತಪ್ಪೋ ಎಂಬುದನ್ನು ಗೃಹಸ್ಥರು ತಾವೇ ಪರೀಕ್ಷಿಸಬಹುದು. ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುವ ಸಾಧಾರಣವಾದ ಮಲ್ಟಿಮೀಟರೊಂದು ಸಾಕು. ಸಬ್‌ವೂಫರಿನ ತಂತಿಗಳನ್ನು ಆಂಪ್ಲಿಫಯರಿನಿಂದ ಬಿಡಿಸಿ, ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ತಾಕಿಸಿ ಬರುವ ಅಂಕಿಯನ್ನು ಗುರುತುಮಾಡಿಕೊಂಡು, ಅನಂತರ ಆ ತಂತಿಗಳ ತುದಿಯಲ್ಲಿ ಅಳೆದು, ಮೊದಲಿನ ಅಂಕಿಯನ್ನು ಕಳೆಯಬೇಕು. 4 ಓಮಿನ ಸುರುಳಿಯು ಮೀಟರಿನಲ್ಲಿ ಮೂರೂಕಾಲು ಅಥವಾ ಮೂರೂವರೆಯೆಂದು ತೋರಿದರೆ ಭಯಪಡಬೇಕಾದುದಿಲ್ಲ. ಮೀಟರು ನೇರ ಪ್ರವಾಹದ ತಡೆಯನ್ನು ಮಾತ್ರ ಅಳೆಯುವುದು. ನಾದದ ಪ್ರವಾಹಕ್ಕೆ ತಡೆಯು ಸ್ವಲ್ಪ ಹೆಚ್ಚಾಗಿಯೇ ಇರುವುದು. 4 ಓಮಿಗಾಗಿ ಕಟ್ಟಿದ ಜೋಡಣೆಯು 1 ಓಮಿನ ಆಸುಪಾಸನ್ನು ತೋರಿದರೆ ಮಾತ್ರ ಯಂತ್ರವನ್ನು ನಡೆಯಿಸಕೂಡದು.

ಯಂತ್ರ ಕೆಟ್ಟರೆ ಹಣದ ನಷ್ಟ; ತಂತಿ ಕೆಟ್ಟರೆ ಅದಕ್ಕಿಂತ ಹೆಚ್ಚಿನ ಅಪಾಯ. 400 ವಾಟ್ ನಾದವನ್ನು ಕೊಡುವ ಆಂಪ್ಲಿಫಯರು, ತನ್ನೊಳಗೆ ಶಾಖವಾಗಿ ಹೋಗುವುದನ್ನೂ ಸೇರಿಸಿ, ಸುಮಾರು 500 ವಾಟನ್ನು ಬೇಡುವುದು. ಎಂಜಿನು ನಡೆಯುತ್ತಿರುವಾಗ ಕಾರಿನಲ್ಲಿ ಸುಮಾರು 14 ವೋಲ್ಟಿರುವುದರಿಂದ, ಪೂರ್ಣ ಜೋರಿನಲ್ಲಿ ಇದು 36 ಆಂಪಿಯರಿನಷ್ಟಾಗುವುದು. 55 ವಾಟಿನ ಮುಂದೀಪಗಳೆರಡೂ ಸೇರಿ ಬೇಡುವುದು 8 ಆಂಪಿಯರು ಮಾತ್ರ. ಇಷ್ಟು ಪ್ರವಾಹಕ್ಕೆ ತೆಳ್ಳಗಿನ ತಂತಿ ಸಾಲದು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಅದು ತಂತಿಯ ಶಕ್ತಿಯನ್ನು ಮೀರಿದ್ದಾಗಿರಕೂಡದು. ತಂತಿಯು ಎಂಜಿನಿನ ಹಿಂದಿನ ತಗಡನ್ನು ದಾಟುವೆಡೆಯಲ್ಲಿ ರಬ್ಬರಿನ ಬಳೆಯನ್ನು ತೊಡಿಸಬೇಕು. ಇಲ್ಲದಿದ್ದರೆ ತಗಡಿನ ಅಂಚು ಹೊದಿಕೆಯನ್ನು ತೇಯ್ದು, ಬ್ಯಾಟರಿಯ ಶಕ್ತಿಯೆಲ್ಲ ಒಮ್ಮೆಲೇ ತಗಡಿಗೆ ಹರಿದು ಬೆಂಕಿಯಾಗುವುದು. ಫ್ಯೂಸು ಡಿಕ್ಕಿಯ ಬಳಿ ಮಾತ್ರ ಇದ್ದರೆ ನಡುವಿನ ತಂತಿಗೆ ರಕ್ಷಣೆಯಿಲ್ಲ. ಮಕ್ಕಳು ಕುಳಿತುಕೊಳ್ಳುವ ಹಿಂದಿನ ಆಸನದ ಕೆಳಗೆಯೇ ಈ ತಂತಿ ಹಾದುಹೋಗುವುದೆಂಬುದನ್ನು ನೆನೆದರೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತಿನಿಂದ ದೀಪಗಳು ಬಂದುದು 1905ರಲ್ಲಿ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಗಳಲ್ಲಿ ಒಂದೇ ಪ್ಲಗ್ಗಿಗೆ ಹಲವು ಯಂತ್ರಗಳನ್ನು ಸೇರಿಸಬಾರದೆಂಬ ಎಚ್ಚರವು ಹೆಂಗಸರು ಮಕ್ಕಳಿಗೂ ತಿಳಿದುಬಂದಿದೆ. ಡಿಕ್ಕಿಯಲ್ಲಿ ನಾಲ್ಕು ಸುರುಳಿಗಳನ್ನು ಪಕ್ಕಪಕ್ಕದಲ್ಲಿ ಕಟ್ಟುವುದೂ ಅದೇ ದೋಷವೇ. ಕಣ್ಣಿಗೆ ಕಾಣದಿರುವುದೊಂದೇ ಭೇದ.

ನೆರೆಹೊರೆಯವರ ವಿಷಯದಲ್ಲಿಯೂ ಒಂದು ಮಾತುಂಟು. ತಗ್ಗಿನ ಸ್ವರಗಳು ಗೋಡೆಗಳನ್ನು ದಾಟಿ ಬಹುದೂರ ಹೋಗುವುವು. ಭಾರತ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶಗಳಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ 45 ಡೆಸಿಬೆಲ್ ಮಿತಿಯಾಗಿದೆ. ಕಾರಿನೊಳಗೆ ಇಂಪಾಗಿರುವುದು ಪಕ್ಕದ ಮನೆಯ ರೋಗಿಗೆ ಹಿಂಸೆಯಾಗದಂತೆ ನೋಡಿಕೊಳ್ಳುವುದು ಕಾನೂನಿಗಿಂತಲೂ ಮೊದಲು ನಮ್ಮ ಸೌಜನ್ಯಕ್ಕೆ ಸೇರಿದ್ದು.

ಮನೆಯ ತರುಣರ ಇಚ್ಛೆಯನ್ನು ಹಿರಿಯರು ತಡೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಹಣವನ್ನು ಕೊಡುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಆಂಪ್ಲಿಫಯರು ತಾಳುವ ಕನಿಷ್ಠ ಓಮು ಎಷ್ಟು? ಸುರುಳಿಗಳನ್ನೆಲ್ಲ ಕಟ್ಟಿದ ಮೇಲೆ ಒಟ್ಟು ಓಮು ಎಷ್ಟಾಗುವುದು? ಬ್ಯಾಟರಿಯ ಬಳಿ ಫ್ಯೂಸ್ ಇದೆಯೋ? ಎರಡನೆಯ ಅಂಕಿಯು ಮೊದಲನೆಯದಕ್ಕೆ ಸಮನಾಗಿಯೋ ಹೆಚ್ಚಾಗಿಯೋ ಇದ್ದು, ಮೂರನೆಯದಕ್ಕೆ ಇದೆಯೆಂಬ ಉತ್ತರ ಬಂದರೆ ಸಂತೋಷವಾಗಿ ಹಣವನ್ನು ಕೊಡಬಹುದು.