ಮೀನು ನನಗಾಗದು

ಬೈಲಹೊಂಗಲದ ಜೋಳದ ಸೀಮೆಯವನಿಗೆ ಮೀನಿನೊಡನೆ ಏನು ಹಗೆ ಎಂದು ಓದುಗರು ಕೇಳಬಹುದು. ರೊಟ್ಟಿ, ಪುಂಡಿಪಲ್ಯ ಉಂಡು ಬಾಳುವ ಈ ನಾಡಿನಲ್ಲಿ ಮೀನು ತಿನ್ನದವನನ್ನು ಏಕೆಂದು ಕೇಳುವವರಿಲ್ಲ. ಕಿತ್ತೂರಿನ ಮದುವೆಯ ಪಂಕ್ತಿಗಳಲ್ಲಿ ನಾನು ನಿಶ್ಚಿಂತನಾಗಿ ಉಂಡವನು. ತೊಡಕೆಲ್ಲ ಸವದತ್ತಿಯ ಕಡೆಗೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, 1970ರ ದಶಕದಲ್ಲಿ ರೇಣುಕಾಸಾಗರ ತುಂಬಿತು. ಇಂದು ಆ ನೀರಿನ ಮೀನಿಗೆ ಸಂತೆಯೂ ಉಂಟು, ಖಾನಾವಳಿಯೂ ಉಂಟು.

ಒಂದು ಸಂಜೆ ಯಲ್ಲಮ್ಮನ ದರ್ಶನ ಮುಗಿಸಿ ಬರುತ್ತ, ದಾರಿಯ ಖಾನಾವಳಿಯೊಂದರಲ್ಲಿ ಮಿರ್ಚಿ ಭಜಿ ತರಿಸಿದೆ. ಎರಡನೆಯದು ಮುಗಿಯುವ ಮೊದಲೇ ತುಟಿ ಊದಿಕೊಂಡಿತು, ಮೈತುಂಬ ದದ್ದು, ಗಂಟಲು ಬಿಗಿದು ಉಸಿರು ಸಿಳ್ಳು ಹಾಕತೊಡಗಿತು. ಮೀನು, ಮೀನು ಎಂದು ತೊದಲಿದೆ. “ಮೀನ ಎಲ್ಲೈತ್ರೀ ಯಪ್ಪಾ, ಬರೇ ಮೆಣಸಿನಕಾಯಿ ಐತಿ!” ಎಂದ ಯಜಮಾನ. ಪಾಪ, ಅವನು ಸುಳ್ಳಾಡಿರಲಿಲ್ಲ. ಮಧ್ಯಾಹ್ನ ಮೀನು ಕರಿದ ಎಣ್ಣೆಯಲ್ಲಿಯೇ ಭಜಿ ಬಿಟ್ಟಿದ್ದ, ಅಷ್ಟೆ. ಯಾರೋ ಹಣೆಗೆ ಭಂಡಾರ ಹಚ್ಚಿದರು; ಇನ್ನಾರೋ ಟೆಂಪೋ ತಂದರು. ವೈದ್ಯರು ತೊಡೆಗೆ ಅಡ್ರಿನಲಿನ್ ಚುಚ್ಚಿದ ಕೆಲವು ನಿಮಿಷಗಳಲ್ಲಿ ಲೋಕ ಮರಳಿ ಬಂತು. ಭಂಡಾರಕ್ಕೂ ಟೆಂಪೋಕ್ಕೂ ನಾನು ಸಮನಾಗಿ ಋಣಿ.

ಮೀನಿನಲ್ಲಿರುವ ಪಾರ್ವಾಲ್ಬುಮಿನ್ ಎಂಬ ಪ್ರೋಟೀನು ಕುದಿಸಿದರೂ ಕರಿದರೂ ಸುಲಭವಾಗಿ ಕೆಡದು. 1921ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್ ಎಂಬ ವಿಜ್ಞಾನಿ, ಮೀನು ಆಗದ ತನ್ನ ಜೊತೆಗಾರ ಕ್ಯೂಸ್ಟ್ನರನ ರಕ್ತದ್ರವವನ್ನು ತನ್ನ ಚರ್ಮದೊಳಗೆ ಚುಚ್ಚಿಕೊಂಡ. ಮರುದಿನ ಅಲ್ಲಿಯೇ ಮೀನಿನ ಸಾರವನ್ನು ಚುಚ್ಚಿಕೊಂಡ. ಮೀನು ಆಗುತ್ತಿದ್ದ ಅವನ ಮೈಯಲ್ಲಿಯೂ ಆ ಜಾಗವಷ್ಟೇ ದದ್ದೆದ್ದಿತು! ಹಗೆಯಿರುವುದು ನಾಲಗೆಯಲ್ಲಲ್ಲ, ಮನಸ್ಸಿನಲ್ಲಲ್ಲ, ರಕ್ತದಲ್ಲಿ. ಇದನ್ನು ನಮ್ಮ ಬಂಧುಗಳಿಗೆ ತಿಳಿಸುವುದು ಪ್ರೌಸ್ನಿಟ್ಸನಿಗೂ ಸಾಧ್ಯವಾಗುತ್ತಿರಲಿಲ್ಲ.

ಏಕೆಂದರೆ ನಮ್ಮಲ್ಲಿ “ಮೀನು ತಿನ್ನುವುದಿಲ್ಲ” ಎಂದರೆ ಜನ ಮಡಿಯೆಂದೇ ತಿಳಿಯುತ್ತಾರೆ. ಮಡಿಯಾದರೆ ಕಾಣದ್ದಕ್ಕೆ ದೋಷವಿಲ್ಲ. ಹೋಳು ತೆಗೆದು ಸಾರು ಬಡಿಸಿದರೆ ಮುಗಿಯಿತು. “ಆಗಿಬರುವುದಿಲ್ಲ” ಎಂದರೆ, ಸ್ವಲ್ಪ ತಿಂದು ರೂಢಿಮಾಡಿಕೊ ಎಂಬ ಉಪದೇಶ. ಈಗ ನಾನು ನಾಚಿಕೆ ಬಿಟ್ಟು, “ತಿಂದರೆ ಸಾಯುತ್ತೇನೆ” ಎನ್ನುತ್ತೇನೆ. ಊಟಕ್ಕೆ ಕರೆದವರೆದುರು ಆಡುವ ಮಾತಲ್ಲ, ಬಲ್ಲೆ.

ರಾಮದುರ್ಗದಲ್ಲಿರುವ ಅಕ್ಕನ ಮನೆಯಲ್ಲಿ ಎಲ್ಲರಿಗೂ ಮೀನು ಪ್ರಿಯ. ಮೊನ್ನೆ ಹೋದಾಗ ಅಕ್ಕ ಬಾಣಲೆಯನ್ನು ಎರಡು ಸಲ ಬೆಳಗಿ, ಒಲೆಯ ಮುಂದೆ ಕೂತಿದ್ದಳು. ನಾನು ಎಣ್ಣೆಯನ್ನು ನೋಡುತ್ತಿದ್ದುದನ್ನು ಕಂಡಳು.

“ಹೊಸಾ ಎಣ್ಣಿ ಹಾಕೇನಿ ತಮ್ಮಾ,” ಎಂದಳು, “ನೀ ಉಣ್ಣು.”