ನಿಮಗಿದು ಗೊತ್ತೇ? ಇಲ್ಲದ ಊರಿನ ಜನಗಣತಿ

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಯೊಕ್ನಪಟಾಫ ಎಂಬ ಜಿಲ್ಲೆ. ವಿಸ್ತೀರ್ಣ 2,400 ಚದರ ಮೈಲಿ. ಜನಸಂಖ್ಯೆ: ಬಿಳಿಯರು 6,298, ಕರಿಯರು 9,313. ಭೂಪಟ ತೆಗೆದು ಹುಡುಕಬೇಡಿ, ಸಿಗುವುದಿಲ್ಲ. ಅದು ಕಾದಂಬರಿಕಾರ ವಿಲಿಯಂ ಫಾಕ್ನರ್ ಕಟ್ಟಿಕೊಂಡ ಜಿಲ್ಲೆ. 1936ರಲ್ಲಿ ಬಂದ ‘ಅಬ್ಸಲಮ್, ಅಬ್ಸಲಮ್!’ ಕಾದಂಬರಿಗೆ ಅವರೇ ಕೈಯಾರೆ ನಕ್ಷೆ ಬರೆದು, ಈ ಅಂಕಿಗಳನ್ನೆಲ್ಲ ನಮೂದಿಸಿ, ಜಿಲ್ಲೆಯ ಏಕೈಕ ಮಾಲೀಕ ತಾನೇ ಎಂದು ಹೆಸರು ಹಾಕಿಕೊಂಡರು. ಖಾತೆ, ಪಹಣಿ ಎಲ್ಲ ಒಬ್ಬರದೇ!

ಕಥೆಗಿಂತ ಮೊದಲು ನಕ್ಷೆ ಹುಟ್ಟಿದ ಪುಸ್ತಕ ಯಾವುದು ಗೊತ್ತೇ? ‘ಟ್ರೆಷರ್ ಐಲೆಂಡ್’. 1881ರಲ್ಲಿ ಸ್ಕಾಟ್‌ಲೆಂಡಿನ ಬ್ರೇಮಾರ್ ಎಂಬಲ್ಲಿ ಮನೆಮಂದಿಯನ್ನೆಲ್ಲ ಒಳಗೆ ಕೂರಿಸಿದ ಮಳೆ. ಹೊತ್ತು ಕಳೆಯಲು ಬಣ್ಣದ ಪೆಟ್ಟಿಗೆ ಹಿಡಿದಿದ್ದ ಮಲಮಗನ ಜೊತೆ ಕೂತು ರಾಬರ್ಟ್ ಲೂಯಿ ಸ್ಟೀವನ್‌ಸನ್ ಒಂದು ದ್ವೀಪ ಬರೆದರು. ಬರೆದದ್ದನ್ನು ನೋಡುತ್ತಿದ್ದಂತೆ ಆ ದ್ವೀಪದ ಕಾಡಿನಿಂದ ಪಾತ್ರಗಳು ಇಣುಕತೊಡಗಿದವು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಕಥೆ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ಪುಸ್ತಕವಾಗುವ ಹೊತ್ತಿಗೆ ಎಡವಟ್ಟಾಯಿತು: ಪ್ರಕಾಶಕರಿಗೆ ಕಳಿಸಿದ ನಕ್ಷೆ ಕಳೆದೇಹೋಯಿತು. ಆಗ ಸ್ಟೀವನ್‌ಸನ್ ತಮ್ಮದೇ ಕಥೆಯನ್ನು ಮೊದಲಿಂದ ಓದಿ, ಗುಡ್ಡ ಎಲ್ಲಿ, ಕೊಲ್ಲಿ ಎಲ್ಲಿ ಎಂದು ಒಂದೊಂದನ್ನೂ ಪಟ್ಟಿ ಮಾಡಿಕೊಂಡು, ಕೈವಾರ ಹಿಡಿದು ಹೊಸ ನಕ್ಷೆ ತಯಾರಿಸಬೇಕಾಯಿತು. ಈಗ ಪುಸ್ತಕದಲ್ಲಿರುವುದು ಆ ಎರಡನೆಯದು. ಸ್ಟೀವನ್‌ಸನ್‌ಗೆ ಮಾತ್ರ ಅದು ಕೊನೆಯವರೆಗೂ ತಮ್ಮ ದ್ವೀಪ ಅನ್ನಿಸಲೇ ಇಲ್ಲ.

ಅದೇ ಪುಸ್ತಕದ ಒಂಟಿಕಾಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್ ಯಾರು? ಸ್ಟೀವನ್‌ಸನ್ ಗೆಳೆಯ, ಕವಿ ಡಬ್ಲ್ಯು.ಇ. ಹೆನ್ಲಿ! ಮೂಳೆ ಕ್ಷಯದಿಂದ ಒಂದು ಕಾಲು ಕಳೆದುಕೊಂಡಿದ್ದರೂ ಹೆನ್ಲಿ ಕೋಣೆಯೊಳಗೆ ಬಂದರೆ ಕೋಣೆ ತುಂಬುತ್ತಿತ್ತಂತೆ. ಸ್ಟೀವನ್‌ಸನ್ ಮಾಡಿದ್ದು ಇಷ್ಟೆ: ಗೆಳೆಯನ ಸಂಸ್ಕಾರ, ಸೂಕ್ಷ್ಮ ಮನಸ್ಸು ಇವನ್ನೆಲ್ಲ ತೆಗೆದುಹಾಕಿದರು, ಶಕ್ತಿ, ಧೈರ್ಯ, ಚುರುಕು, ತುಂಬು ಸ್ನೇಹಶೀಲತೆ ಇಷ್ಟನ್ನೇ ಉಳಿಸಿಕೊಂಡು ಒರಟು ನಾವಿಕನ ಮೈಗೆ ತುಂಬಿದರು. ಪಾತ್ರಕ್ಕೆ ಗುಣ ಸೇರಿಸುವ ಪಾಠವನ್ನು ಎಲ್ಲ ಕಮ್ಮಟಗಳಲ್ಲೂ ಹೇಳುತ್ತಾರೆ. ಕಳೆಯುವ ಈ ಲೆಕ್ಕ ನನಗೆ ಅದಕ್ಕಿಂತ ದೊಡ್ಡ ಪಾಠವಾಗಿ ಕಾಣುತ್ತದೆ. ಸಿಲ್ವರ್ ಕೊಲೆಗಡುಕ ಎಂದು ತಿಳಿದಮೇಲೂ ಓದುಗರಿಗೆ ಅವನ ಮೇಲೆ ಮಮತೆ ಉಳಿಯುವುದು ಯಾಕೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ.

ಷರ್ಲಾಕ್ ಹೋಮ್ಸ್‌ಗೆ ಮಾದರಿ ಎಡಿನ್‌ಬರೋದ ಡಾ. ಜೋಸೆಫ್ ಬೆಲ್, ಕಾನನ್ ಡಾಯಲ್‌ಗೆ ವೈದ್ಯಕೀಯ ಕಲಿಸಿದ ಮೇಷ್ಟ್ರು. ಮೊದಲ ಟಿಪ್ಪಣಿಯಲ್ಲಿ ಹೋಮ್ಸ್ ಹೆಸರು ಷೆರಿನ್‌ಫೋರ್ಡ್, ವಾಟ್ಸನ್ ಹೆಸರು ಆರ್ಮಂಡ್ ಸ್ಯಾಕರ್. ಬದಲಾಯಿಸಿದ್ದು ಒಳ್ಳೆಯದಾಯಿತು! ಇನ್ನು ಜೇಮ್ಸ್ ಬಾಂಡ್ ಎಂಬುದು ವೆಸ್ಟ್ ಇಂಡೀಸಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಪಕ್ಷಿತಜ್ಞರ ಹೆಸರು. ತೀರಾ ಸಾದಾ ಹೆಸರು ಬೇಕೆಂದು ಇಯಾನ್ ಫ್ಲೆಮಿಂಗ್ ಅದನ್ನೇ ಎತ್ತಿಕೊಂಡರು.

ಕಾದಂಬರಿಕಾರರನ್ನು ಅತಿ ಹೆಚ್ಚು ಕಾಡಿದವನು ಯಾರು ಗೊತ್ತೇ? ಚಂದ್ರ! 1885ರಲ್ಲಿ ಬಂದ ‘ಕಿಂಗ್ ಸಾಲೊಮನ್ಸ್ ಮೈನ್ಸ್’ನಲ್ಲಿ ರೈಡರ್ ಹ್ಯಾಗರ್ಡ್ ಹುಣ್ಣಿಮೆಯ ಬೆನ್ನಿಗೇ ಸೂರ್ಯಗ್ರಹಣ ಹಿಡಿಸಿಬಿಟ್ಟರು. ಸೂರ್ಯಗ್ರಹಣ ಅಮಾವಾಸ್ಯೆಗಲ್ಲದೆ ಆಗುವುದಿಲ್ಲ ಎಂಬುದು ಪಂಚಾಂಗ ನೋಡುವ ನಮ್ಮ ಯಾವ ಅಜ್ಜಿಗೂ ಗೊತ್ತು. ಮುಂದಿನ ಮುದ್ರಣಗಳಲ್ಲಿ ಅದು ಚಂದ್ರಗ್ರಹಣವಾಯಿತು. ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯುವಾಗ ಟೋಲ್ಕಿನ್‌ಗೂ ಇದೇ ಪಾಡು. ಒಂದೇ ರಾತ್ರಿ ಒಂದು ಕಡೆ ಚಂದ್ರ ಹುಟ್ಟುತ್ತಿದ್ದಾನೆ, ಇನ್ನೊಂದು ಕಡೆ ಮುಳುಗುತ್ತಿದ್ದಾನೆ! ಹಿಂದಿನ ಅಧ್ಯಾಯಗಳನ್ನು ತಿದ್ದಲು ಒಂದಿಡೀ ಮಧ್ಯಾಹ್ನ ಬೇಕಾಯಿತು ಎಂದು 1944ರಲ್ಲಿ ಮಗನಿಗೆ ಕಾಗದ ಬರೆದಿದ್ದರು. ಮಾಂತ್ರಿಕರೂ ಕುಬ್ಜರೂ ಓಡಾಡುವ ಲೋಕಕ್ಕೂ ತಿಥಿ ತಪ್ಪಬಾರದು ಎಂಬ ಹಟ.

ಹಟ ಎಂದರೆ ಜೇಮ್ಸ್ ಜಾಯ್ಸ್. ‘ಯುಲಿಸಿಸ್’ ಮುಗಿಯುತ್ತಿದ್ದ 1921ರಲ್ಲಿ ಅವರು ಪ್ಯಾರಿಸ್ಸಿನಲ್ಲಿದ್ದರು. ಕಥೆ ನಡೆಯುವುದು ಡಬ್ಲಿನ್‌ನಲ್ಲಿ. ಎಕ್ಲ್ಸ್ ಬೀದಿಯ 7ನೇ ನಂಬರಿನ ಮನೆಯ ಮುಂದಿನ ಕಬ್ಬಿಣದ ಕಂಬಿ ಹತ್ತಿ, ಇಳಿಬಿದ್ದು, ಸಾಧಾರಣ ಮನುಷ್ಯನೊಬ್ಬ ಗಾಯವಾಗದಂತೆ ಕೆಳಕ್ಕೆ ಧುಮುಕಬಹುದೇ ಎಂದು ಡಬ್ಲಿನ್‌ನಲ್ಲಿದ್ದ ಅತ್ತೆಗೆ ಕಾಗದ ಬರೆದು ವಿಚಾರಿಸಿದರು. ನಾಯಕ ಬ್ಲೂಮ್ ಬೀಗದ ಕೈ ಮರೆತು ಬಂದಿದ್ದನಲ್ಲ, ಅವನನ್ನು ಮನೆಯೊಳಗೆ ಸೇರಿಸಬೇಕಿತ್ತು.

ದೂರ ಕೂತು ಊರು ಬರೆದವರು ನಮ್ಮಲ್ಲೂ ಇದ್ದಾರೆ. ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯಲ್ಲೇ ಬಾಳಿದರು. ಕಥೆಗಳು ಮಾತ್ರ ಮತ್ತೆ ಮತ್ತೆ ಹನೇಹಳ್ಳಿಗೇ ಹೋಗುತ್ತಿದ್ದವು. ಅನಂತಮೂರ್ತಿಯವರ ‘ಸಂಸ್ಕಾರ’ದ ದೂರ್ವಾಸಪುರ ಮಲೆನಾಡಿನ ಅಗ್ರಹಾರ, ಅದು ಕಾಗದಕ್ಕಿಳಿದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿ ಅವರು ನೋಡಿದ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ ಸಿನಿಮಾ ಅದಕ್ಕೆ ಕಿಡಿ ಹಚ್ಚಿತು. ಸಿನಿಮಾದಲ್ಲೂ ಪ್ಲೇಗು, ಅಗ್ರಹಾರದಲ್ಲೂ ಪ್ಲೇಗು.

ಭೈರಪ್ಪನವರದು ಇದಕ್ಕೆ ತಿರುವುಮುರುವು ದಾರಿ. 1979ರ ‘ಪರ್ವ’ಕ್ಕಾಗಿ ಅವರು ಕುರುಕ್ಷೇತ್ರ, ದ್ವಾರಕೆ, ಹಿಮಾಲಯದ ತಪ್ಪಲು ಎಲ್ಲವನ್ನೂ ಸುತ್ತಿ ಬಂದರು. ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಉಳಿದಿದ್ದ ಬೆಟ್ಟದ ಊರುಗಳನ್ನೂ ಬಿಡಲಿಲ್ಲ. ಮಹಾಭಾರತದ ವರ, ಶಾಪ, ಪವಾಡಗಳನ್ನು ಕಿತ್ತಮೇಲೆ ದ್ರೌಪದಿಯನ್ನು ನಿಲ್ಲಿಸಲು ನೆಲ ಬೇಕಲ್ಲ!

ಮಾಲ್ಗುಡಿ ಹುಟ್ಟಿದ್ದು ಹೇಗೆ? ಬೆಂಗಳೂರಿನಲ್ಲಿ, ಸೆಪ್ಟೆಂಬರಿನ ಒಂದು ದಿನ, ಅಜ್ಜಿ ನೋಡಿಕೊಟ್ಟ ಒಳ್ಳೆಯ ಮುಹೂರ್ತದಲ್ಲಿ. ನೋಟ್‌ಬುಕ್ ತಂದು, ಏನು ಬರೆಯಲಿ ಎಂದು ಪೆನ್ನು ಕಚ್ಚುತ್ತ ಕೂತ ಆರ್.ಕೆ. ನಾರಾಯಣ್ ಕಣ್ಣಮುಂದೆ ಮೊದಲು ಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಪ್ಲಾಟ್‌ಫಾರಂ ಮೇಲೆ ಓಡಾಡಲು ಸ್ವಾಮಿನಾಥನ್ ಎಂಬ ಹುಡುಗ ಬಂದ. ಮೊದಲು ಕಂಡ ಆ ಸ್ಟೇಷನ್ನು 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಕೊನೆಯ ದೃಶ್ಯವಾಯಿತು: ಗೆಳೆಯ ರಾಜಂ ರೈಲು ಹತ್ತಿ ಹೋಗುವ ಜಾಗ. ಶಂಕರ್‌ನಾಗ್ ಆಗುಂಬೆಯಲ್ಲಿ ಧಾರಾವಾಹಿ ತೆಗೆದಮೇಲಂತೂ ಇಲ್ಲದ ಊರಿಗೆ ವಿಳಾಸವೇ ಸಿಕ್ಕಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ.

ಗಾರ್ಸಿಯಾ ಮಾರ್ಕೆಸ್ ಕಟ್ಟಿದ ಊರು ಮಕೊಂಡೊದ ಹೆಸರು ಕೂಡ ರೈಲಿನ ಕಿಟಕಿಯಿಂದ ಕಂಡ ಫಲಕದ್ದು. ಅದೊಂದು ಬಾಳೆ ತೋಟದ ಹೆಸರು.

ಪಾತ್ರ ಎಂದರೆ ಮನುಷ್ಯನೇ ಆಗಬೇಕಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ನಾಯಿಗುತ್ತಿಯನ್ನು ನೆನೆದರೆ ಹಿಂದೆಯೇ ಅವನ ನಾಯಿ ಹುಲಿಯ ಬರುತ್ತದೆ. ತೇಜಸ್ವಿಯವರ ‘ಕರ್ವಾಲೋ’ದಲ್ಲಿ ಮಂದಣ್ಣನಷ್ಟೇ ಕಿವಿ ಎಂಬ ನಾಯಿಗೂ ಜಾಗವಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮಂಚವೇ ಕಥೆ ಹೇಳುತ್ತದೆ!

‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ನಾಟಕವಾದಾಗ ಇಡೀ ರಾತ್ರಿ, ಒಂಬತ್ತು ಗಂಟೆ ಹಿಡಿಯಿತು. ಆ ಕಾದಂಬರಿಯ ಕಾಡು, ಗದ್ದೆ, ಬಿಡಾರ, ಹೊಳೆ ಒಂದೇ ವೇದಿಕೆಯಲ್ಲಿ ಹಿಡಿಸುವಂಥವಲ್ಲ. ನಿರ್ದೇಶಕ ಸಿ. ಬಸವಲಿಂಗಯ್ಯ ಬಯಲಿನಲ್ಲಿ ಹಲವು ವೇದಿಕೆ ಹಾಕಿದರು. ಕಥೆ ಜಾಗ ಬದಲಿಸಿದಾಗ ಪ್ರೇಕ್ಷಕರೂ ಎದ್ದು ನಡೆದರು.

ವಯಸ್ಸಿನ ಲೆಕ್ಕ ತಪ್ಪಿದ ಪಾತ್ರ? ಹರ್ಕ್ಯೂಲ್ ಪಾಯ್ರೋ. 1920ರ ಮೊದಲ ಕಾದಂಬರಿಯಲ್ಲೇ ಅವನು ನಿವೃತ್ತ ಪೊಲೀಸ್ ಅಧಿಕಾರಿ. ಅಗಾಥಾ ಕ್ರಿಸ್ಟಿ ಅವನನ್ನು 1975ರವರೆಗೆ ದುಡಿಸಿದರು. ಅಷ್ಟು ಮುದುಕನನ್ನು ಆರಿಸಬಾರದಿತ್ತು, ಈಗ ಅವನಿಗೆ ನೂರು ದಾಟಿರಬೇಕು ಎಂದು ಅವರೇ ಪೇಚಾಡಿಕೊಂಡರು. ಅವನು ಸತ್ತಾಗ ‘ನ್ಯೂಯಾರ್ಕ್ ಟೈಮ್ಸ್’ 1975ರ ಆಗಸ್ಟ್ 6ರಂದು ಮುಖಪುಟದಲ್ಲೇ ನಿಧನವಾರ್ತೆ ಹಾಕಿತು. ಹುಟ್ಟದೇ ಇದ್ದವನಿಗೆ!

ಡಾ. ವಾಟ್ಸನ್‌ಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ಬಿದ್ದದ್ದೆಲ್ಲಿ? ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಡಾಯಲ್‌ಗೆ ಮರೆತುಹೋಗಿತ್ತು, ಓದುಗರು ಇನ್ನೂ ಮರೆತಿಲ್ಲ. ನೀವೂ ಒಂದು ಕಾದಂಬರಿಗೆ ಕೈ ಹಾಕಿದ್ದರೆ ಪಾತ್ರಗಳ ವಯಸ್ಸು, ಗಾಯ, ಮನೆಯ ಬಾಗಿಲು ಯಾವ ದಿಕ್ಕಿಗೆ ಎಂಬುದನ್ನೆಲ್ಲ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಕ್ಷೆ ಬರೆದರೆ ಪ್ರಕಾಶಕರಿಗೆ ಕಳಿಸುವ ಮುಂಚೆ ಒಂದು ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ.